ಐದು ಅಂಕಕ್ಕೆ ಸ್ವಾತಂತ್ರ್ಯ, ಹತ್ತು ಅಂಕಕ್ಕೆ ನ್ಯಾಯ

ಬಿ.ಎ. ಮೊದಲ ಸೆಮಿಸ್ಟರ್‌ನಲ್ಲಿ ರಾಜ್ಯಶಾಸ್ತ್ರ ತೆಗೆದುಕೊಂಡವರಿಗೆ ಪರಮ ಸತ್ಯಗಳೆಲ್ಲ ಮೊದಲ ತಿಂಗಳಲ್ಲೇ ತಿಳಿದುಬಿಡುತ್ತವೆ. ಸ್ವಾತಂತ್ರ್ಯ ಐದು ಅಂಕದ್ದು. ನ್ಯಾಯ ಹತ್ತು ಅಂಕದ್ದು. ಸಮಾನತೆ ಹೋದ ಸಲ ಬಂದಿದೆ, ಆದ್ದರಿಂದ ಈ ಸಲ ಬರುವುದಿಲ್ಲ. ಪರಮಾಧಿಕಾರ ಮಾತ್ರ ವಿ.ಇಂಪ್, ಪಕ್ಕದಲ್ಲಿ ಎರಡು ಸ್ಟಾರ್. ಪ್ಲೇಟೋನಿಂದ ಜಾನ್ ರಾಲ್ಸ್‌ವರೆಗೆ 2,300 ವರ್ಷಗಳಿಗೂ ಹೆಚ್ಚು ಕಾಲ ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡರೂ ಇತ್ಯರ್ಥವಾಗದ ಪ್ರಶ್ನೆಗಳನ್ನು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯವನು ಬಗೆಹರಿಸಿ, ಸ್ಟೇಪ್ಲರ್ ಹೊಡೆದು, ಟೇಬಲ್ಲಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದಾನೆ. ಯಾವ ಪ್ರಶ್ನೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದರಲ್ಲಿ ಅವನ ಮಾತಿಗೆ ವಿಶ್ವವಿದ್ಯಾಲಯದ ಸುತ್ತೋಲೆಗಿಂತ ಹೆಚ್ಚು ಬೆಲೆ.

ಈ ವಿಷಯ ಯಾಕೆ ತೆಗೆದುಕೊಂಡಿರಿ ಎಂದು ಹೊಸ ತರಗತಿಯಲ್ಲಿ ಕೇಳುವುದು ನನ್ನ ಅಭ್ಯಾಸ. ಪಾಠ ಮಾಡುವವನಿಗೆ ಅಷ್ಟು ವಿನಯವಾದರೂ ಬರಲಿ ಎಂದು. ಮಕ್ಕಳು ಸುಳ್ಳು ಹೇಳುವುದಿಲ್ಲ. ‘ಎಚ್‌ಇಪಿನಲ್ಲಿ ಮಾತ್ರ ಸೀಟ್ ಇತ್ತು ಸಾರ್’, ‘ಸೈನ್ಸಿಗೆ ಪರ್ಸೆಂಟೇಜ್ ಸಾಲ್ಲಿಲ್ಲ’, ‘ಕೆಎಎಸ್‌ಗೆ ಹೆಲ್ಪ್ ಆಗುತ್ತಂತೆ’, ‘ಪಿಎಸ್‌ಐ ಎಕ್ಸಾಮಿಗೆ ಡಿಗ್ರಿ ಬೇಕಲ್ಲ ಸಾರ್, ಅದಕ್ಕೆ’. ಮೂರನೇ ಬೆಂಚಿನ ಹುಡುಗಿಯೊಬ್ಬಳು ‘ಮದುವೆ ಆಗೋ ತನಕ ಸಾರ್’ ಎಂದಳು. ಇಡೀ ಕ್ಲಾಸು ನಕ್ಕಿತು. ಅವಳು ನಗಲಿಲ್ಲ. ಮನುಷ್ಯ ಸ್ವಭಾವದಿಂದಲೇ ರಾಜಕೀಯ ಜೀವಿ ಎಂಬ ಅರಿಸ್ಟಾಟಲ್‌ನ ಸಿದ್ಧಾಂತವನ್ನು ನಾನು ಅದಾದ ಐದು ನಿಮಿಷಕ್ಕೆ ಶುರುಮಾಡಬೇಕಿತ್ತು. ಮಾಡಿದೆ. ಸಿಲಬಸ್ ಯಾರನ್ನೂ ಕಾಯುವುದಿಲ್ಲ.

ಸಿಲಬಸ್ಸೂ ನಿಂತಲ್ಲಿ ನಿಲ್ಲುವುದಿಲ್ಲ. 2021ರಲ್ಲಿ ಸೇರಿದವರಿಗೆ ಹೊಸ ಶಿಕ್ಷಣ ನೀತಿ, ನಾಲ್ಕು ವರ್ಷದ ಆನರ್ಸ್ ಎಂದರು. 2024ರಲ್ಲಿ ಸೇರಿದವರಿಗೆ ರಾಜ್ಯದ್ದೇ ನೀತಿ, ಮತ್ತೆ ಮೂರು ವರ್ಷ ಎಂದರು. ಅಣ್ಣ ಒಂದು ಪದ್ಧತಿಯಲ್ಲಿ, ತಂಗಿ ಇನ್ನೊಂದರಲ್ಲಿ ಓದುವ ಮನೆಗಳು ನಮ್ಮೂರಲ್ಲೇ ಇವೆ. ಅಣ್ಣನ ನೋಟ್ಸು ತಂಗಿಗೆ ಆಗಿಬರಲಿಲ್ಲ ಎಂಬುದಷ್ಟೇ ಆ ಮನೆಗಳಿಗೆ ಅರ್ಥವಾದ ಶಿಕ್ಷಣ ನೀತಿ. ಒಪ್ಪಿಗೆಯಿಂದ ನಡೆಯುವ ಸರ್ಕಾರದ ಬಗ್ಗೆ ಪಾಠ ಕೇಳುತ್ತಿದ್ದ ಹುಡುಗನನ್ನು ಈ ಬದಲಾವಣೆಗೆ ನಿನ್ನ ಒಪ್ಪಿಗೆ ಇದೆಯೇನಪ್ಪಾ ಎಂದು ಎರಡೂ ಸಲ ಯಾರೂ ಕೇಳಲಿಲ್ಲ.

ಇನ್ನು ಪಾಠದ ಕ್ರಮ. ‘ಬರ್ಕೊಳ್ಳಿ’ ಎಂಬಲ್ಲಿ ಶುರು, ‘ಸಾಕು, ಉಳಿದಿದ್ದು ನಾಳೆ’ ಎಂಬಲ್ಲಿ ಮುಕ್ತಾಯ. ಮೊದಲು ಅರ್ಥ, ಆಮೇಲೆ ವ್ಯಾಖ್ಯೆ, ಲಕ್ಷಣಗಳು, ಮಹತ್ವ, ಟೀಕೆ, ಉಪಸಂಹಾರ. ಬ್ರಹ್ಮಾಂಡದ ಯಾವ ವಸ್ತುವನ್ನು ಕೊಟ್ಟರೂ ಈ ಆರು ಶೀರ್ಷಿಕೆಯ ಕೆಳಗೆ ಕೂರಿಸಬಹುದು. ಟೀಕೆಗೆ ಆರು ಪಾಯಿಂಟು. ಏಳನೆಯದು ಹೊಳೆದರೆ ಅದು ನಿಮ್ಮ ಸ್ವಂತದ್ದು, ಮೌಲ್ಯಮಾಪನದ ಸ್ಕೀಮಿನಲ್ಲಿ ಇರುವುದಿಲ್ಲ, ಅಂಕವೂ ಇಲ್ಲ. ವ್ಯಾಖ್ಯೆಗೆ ವಿದ್ವಾಂಸರ ಹೆಸರು ಕಡ್ಡಾಯ. ಗಾರ್ನರ್, ಗೆಟೆಲ್, ಗಿಲ್‌ಕ್ರಿಸ್ಟ್ ಎಂಬ ಮಹನೀಯರನ್ನು ಅವರವರ ಊರಿನಲ್ಲಿ ಮರೆತು ಎಷ್ಟು ಕಾಲವಾಯಿತೋ, ನಮ್ಮ ತಾಲ್ಲೂಕಿನಲ್ಲಿ ಅವರು ಅಜರಾಮರರು. ‘ಸಾರ್, ಲಾಸ್ಕಿ ಅಂದ್ರೆ ಯಾರು?’ ಎಂದು ಒಬ್ಬ ಕೇಳಿದ್ದಕ್ಕೆ ಪಕ್ಕದ ಕೋಣೆಯ ಮೇಷ್ಟ್ರು ಕೊಟ್ಟ ಉತ್ತರ ಗೋಡೆ ದಾಟಿ ನನಗೂ ಕೇಳಿಸಿತು: ‘ರಾಜನೀತಿ ತಜ್ಞ. ಮುಂದೆ ಬರ್ಕೋ.’ ಲಾಸ್ಕಿ 1925ರಲ್ಲಿ ‘ಎ ಗ್ರಾಮರ್ ಆಫ್ ಪಾಲಿಟಿಕ್ಸ್’ ಬರೆದ. ಅದರ ವ್ಯಾಕರಣ ನಮ್ಮಲ್ಲಿ ಒಂದೇ ಸೂತ್ರಕ್ಕೆ ಇಳಿದಿದೆ. ಕರ್ತೃ ಪದ ಮೇಷ್ಟ್ರು, ಕ್ರಿಯಾಪದ ಬರ್ಕೋ.

ನಮ್ಮ ನೆಲದ್ದನ್ನೂ ಹೇಳಿಕೊಡುತ್ತೇವೆ, ಇಲ್ಲವೆಂದಲ್ಲ. ಕೌಟಿಲ್ಯನನ್ನು ‘ಭಾರತದ ಮ್ಯಾಕಿಯಾವೆಲ್ಲಿ’ ಎನ್ನುತ್ತೇವೆ. ಮ್ಯಾಕಿಯಾವೆಲ್ಲಿಯ ‘ದಿ ಪ್ರಿನ್ಸ್’ ಅಚ್ಚಾದದ್ದು 1532ರಲ್ಲಿ. ಅದಕ್ಕೆ ಸಾವಿರ ವರ್ಷಕ್ಕೂ ಹಿಂದಿನವನನ್ನು ಅವನ ನಕಲು ಮಾಡಿ ಎರಡು ಅಂಕಕ್ಕೆ ಕೂರಿಸಿದ್ದೇವೆ. ಸಪ್ತಾಂಗವನ್ನು ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂದು ಉಸಿರು ಬಿಡದೆ ಒಪ್ಪಿಸುವ ಮಕ್ಕಳಿಗೆ, ಆ ‘ಅರ್ಥಶಾಸ್ತ್ರ’ದ ಓಲೆಗರಿ ಮೈಸೂರಿನಲ್ಲೇ ಸಿಕ್ಕಿತು ಎಂದು ಹೇಳಿದವರಿಲ್ಲ. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ನಮ್ಮ ಮಕ್ಕಳು ಟೂರಿಗೆ ಮೈಸೂರಿಗೇ ಹೋಗುತ್ತಾರೆ. ಅರಮನೆ, ಝೂ, ಬೃಂದಾವನ, ವಾಪಸ್.

ಕಲಿತದ್ದರ ಫಲ ನೋಡಬೇಕಾದರೆ ಮೌಲ್ಯಮಾಪನ ಕೇಂದ್ರಕ್ಕೆ ಬರಬೇಕು. ಗೈಡೊಂದರಲ್ಲಿ ಹಾಬ್ಸ್‌ನ ‘ಲೆವಿಯಾಥನ್’ 1951ರಲ್ಲಿ ಪ್ರಕಟವಾಯಿತೆಂದು ಅಚ್ಚಾಗಿತ್ತು. 1651 ಆಗಬೇಕಿದ್ದುದು ಮೊಳೆ ಜೋಡಿಸುವಾಗಲೋ ಟೈಪು ಮಾಡುವಾಗಲೋ ಮುನ್ನೂರು ವರ್ಷ ಮುಂದೆ ಬಂದಿತ್ತು. ಕಟ್ಟು ಬಿಚ್ಚಿದರೆ ಉತ್ತರಪತ್ರಿಕೆ ಮೇಲೆ ಉತ್ತರಪತ್ರಿಕೆ, ಎಲ್ಲದರಲ್ಲೂ 1951. ನಮ್ಮ ಸಂವಿಧಾನ ಜಾರಿಗೆ ಬಂದ ಮರುವರ್ಷ ಹಾಬ್ಸ್ ಕುಳಿತು ನಿರಂಕುಶ ಪ್ರಭುವಿನ ಬಗ್ಗೆ ಬರೆದನೆಂದು ಒಂದಿಡೀ ತಲೆಮಾರು ನಂಬಿದೆ. ಯಾರೂ ಕಾಪಿ ಹೊಡೆದಿಲ್ಲ, ಎಲ್ಲರೂ ಪ್ರಾಮಾಣಿಕವಾಗಿ ಬಾಯಿಪಾಠ ಮಾಡಿದ್ದಾರೆ. ರೂಸೋ 1762ರಲ್ಲಿ ಹೇಳಿದ ಸಾಮಾನ್ಯ ಇಚ್ಛೆ ಭೂಮಿಯ ಮೇಲೆ ಎಲ್ಲಾದರೂ ಇದೆಯೇ ಎಂದು ಹುಡುಕುತ್ತಿರುವ ಪಂಡಿತರಿಗೆ ನನ್ನ ಸಲಹೆ: ನಮ್ಮ ಕೇಂದ್ರಕ್ಕೆ ಬನ್ನಿ, ಬಂಡಲು ಬಂಡಲು ಇದೆ. ಸ್ವಂತ ವಾಕ್ಯ ಬರೆದವರು ಅಪರೂಪ. ಅಂಥದ್ದೊಂದು ಸಿಕ್ಕರೆ ಮೌಲ್ಯಮಾಪಕರು ಬೆಚ್ಚುತ್ತಾರೆ. ಸ್ಕೀಮ್ ತಿರುವಿ ಹಾಕುತ್ತಾರೆ, ಪಕ್ಕದವರಿಗೆ ತೋರಿಸುತ್ತಾರೆ, ‘ಏನೋ ಬರ್ದಿದಾನೆ ಪಾಪ’ ಎಂದು ಎರಡು ಅಂಕ ಹಾಕುತ್ತಾರೆ.

ಸಾಮಾಜಿಕ ಒಪ್ಪಂದ ಸಿದ್ಧಾಂತದ ಪಾಠವಂತೂ ಕಣ್ಣಿಗೆ ಹಬ್ಬ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ನಡೆಸುತ್ತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ಶೈಕ್ಷಣಿಕ ವರ್ಷ ಮುಗಿದರೆ ಬಿಡುಗಡೆ, ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್, ಮತ್ತೆ ಹೊಸಬರು. ಹೀಗೆ ಹದಿನೈದು ವರ್ಷದಿಂದ ಪ್ರತಿವರ್ಷ ಹೊಸದಾಗಿ ಸೇರುತ್ತಿರುವ ಹಿರಿಯರೊಬ್ಬರು ನಮ್ಮ ಸ್ಟಾಫ್ ರೂಮಿನಲ್ಲಿದ್ದಾರೆ. ಜೀವದ ಭದ್ರತೆಗಾಗಿ ಜನ ತಮ್ಮ ಹಕ್ಕುಗಳನ್ನು ಪ್ರಭುವಿಗೆ ಒಪ್ಪಿಸಿದರು ಎಂದು ಅವರು ಹಾಬ್ಸ್‌ನನ್ನು ವಿವರಿಸುವಾಗ ದನಿಯಲ್ಲಿ ಅನುಭವವಿರುತ್ತದೆ. ಹಕ್ಕು ಒಪ್ಪಿಸಿದ್ದಾಗಿದೆ, ಭದ್ರತೆಯ ಕಡತ ಹಣಕಾಸು ಇಲಾಖೆಯಲ್ಲಿದೆ. ಸರ್ಕಾರ ನಂಬಿಕೆ ಮುರಿದರೆ ಜನ ತಿರುಗಿ ಬೀಳಬಹುದೆಂದು ಜಾನ್ ಲಾಕ್ 1689ರಲ್ಲೇ ಹೇಳಿದ್ದಾನೆ. 2023ರ ಕೊನೆಯಲ್ಲಿ ಅತಿಥಿ ಉಪನ್ಯಾಸಕರು ಸೇವೆ ಕಾಯಂ ಮಾಡಿ ಎಂದು ರಾಜ್ಯದಾದ್ಯಂತ ತರಗತಿ ಬಿಟ್ಟು ಧರಣಿ ಕೂತರು. ನಮ್ಮ ಹಿರಿಯರೂ ಹೋದರು. ವಾಪಸ್ ಬಂದ ದಿನ ಹುಡುಗನೊಬ್ಬ ಎದ್ದು ನಿಂತು, ‘ಸಾರ್, ಲಾಕ್ ಹೇಳಿದ್ದು ಇದೇನಾ?’ ಎಂದ. ‘ಇದೇ ಕಣಪ್ಪ. ಆದ್ರೆ ಲಾಕ್‌ಗೆ ಇಎಂಐ ಇರ್ಲಿಲ್ಲ’ ಎಂದರು. ಆ ಸೆಮಿಸ್ಟರಿನ ಅತ್ಯುತ್ತಮ ಉಪನ್ಯಾಸ ಅದು. ಹಾಜರಾತಿಯಲ್ಲಿ ಲೆಕ್ಕಕ್ಕೆ ಸಿಗಲಿಲ್ಲ.

ಪ್ರಜಾಪ್ರಭುತ್ವದ ಘಟಕಕ್ಕೆ ಬನ್ನಿ. ಪ್ರತಿ ಜನವರಿ 25ಕ್ಕೆ ರಾಷ್ಟ್ರೀಯ ಮತದಾರರ ದಿನ. ಮಕ್ಕಳನ್ನು ಬಿಸಿಲಿನಲ್ಲಿ ನಿಲ್ಲಿಸಿ, ಬಲಗೈ ಮುಂದೆ ಚಾಚಿಸಿ, ನಿರ್ಭೀತಿಯಿಂದ ಮತ ಹಾಕುತ್ತೇವೆಂದು ಪ್ರತಿಜ್ಞೆ ಮಾಡಿಸುತ್ತೇವೆ. ಕ್ಲಾಸ್ ರೆಪ್ ವಿಷಯಕ್ಕೆ ಬಂದರೆ ಮತವೂ ಇಲ್ಲ, ಭೀತಿಯೂ ಇಲ್ಲ. ಪಿಯುಸಿಯಲ್ಲಿ ಯಾರಿಗೆ ಹೆಚ್ಚು ಪರ್ಸೆಂಟೇಜೋ ಅವರೇ ರೆಪ್. ತತ್ವಜ್ಞಾನಿ ಅರಸನಾಗಲಿ ಎಂದು ಪ್ಲೇಟೋ ಕಂಡ ಕನಸು ಅಥೆನ್ಸಿನಲ್ಲಿ ನನಸಾಗಲಿಲ್ಲ, ನಮ್ಮ ಬಿ.ಎ. ಎ ಸೆಕ್ಷನ್ನಿನಲ್ಲಿ ಆಗಿದೆ. 61ನೇ ತಿದ್ದುಪಡಿ 1989ರಲ್ಲಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತಿತು. ಹೊಡೆದಾಟ, ಹಣ, ಪಕ್ಷಗಳ ಕೈವಾಡ ಇತ್ತೆಂಬುದು ಕಾರಣ. ಅದೇ ಕಾರಣ ಕೊಟ್ಟು ವಿಧಾನಸಭೆ ಚುನಾವಣೆ ನಿಲ್ಲಿಸಿದವರಿಲ್ಲ. ಕ್ಯಾಂಪಸ್ ಚುನಾವಣೆ ಹೇಗೆ ನಡೆಸಬೇಕೆಂಬ ಲಿಂಗ್ಡೊ ಸಮಿತಿಯ ಶಿಫಾರಸನ್ನು 2006ರಲ್ಲಿ ಸುಪ್ರೀಂ ಕೋರ್ಟೇ ಒಪ್ಪಿದೆ. ಮತ್ತೆ ಶುರುಮಾಡುವ ಮಾತು ನಮ್ಮಲ್ಲೂ ಆಗಾಗ ಏಳುತ್ತದೆ, ಒಂದೆರಡು ಹೇಳಿಕೆ ಬಂದು ಕೂರುತ್ತದೆ. ಹದಿನೆಂಟು ತುಂಬಿದವರು ಪ್ರಧಾನಿಯನ್ನು ಆರಿಸುವಷ್ಟು ಬುದ್ಧಿವಂತರು, ಕ್ರೀಡಾ ಕಾರ್ಯದರ್ಶಿಯನ್ನು ಆರಿಸುವಷ್ಟಲ್ಲ.

ಅಭಿಪ್ರಾಯ ಸ್ವಾತಂತ್ರ್ಯಕ್ಕೇನೂ ಕೊರತೆ ಇಲ್ಲ. ನ್ಯಾಕ್ ತಂಡ ಬರುವ ಮುಂಚೆ ಎಲ್ಲರಿಗೂ ಫೀಡ್‌ಬ್ಯಾಕ್ ಫಾರಂ ಹಂಚುತ್ತೇವೆ. ‘ಉಪನ್ಯಾಸಕರ ಬೋಧನೆ ಹೇಗಿದೆ? ಅತ್ಯುತ್ತಮ, ಉತ್ತಮ, ಸಾಧಾರಣ.’ ಕೆಟ್ಟದಾಗಿದೆ ಎನ್ನುವ ಕಾಲಂ ಇಲ್ಲ. ಮೇಲ್ಗಡೆ ಹೆಸರು ಮತ್ತು ರಿಜಿಸ್ಟರ್ ನಂಬರ್ ಕಡ್ಡಾಯ, ಇಂಟರ್ನಲ್ಸ್ ಅಂಕ ಇನ್ನೂ ಅಪ್‌ಲೋಡ್ ಆಗಿರುವುದಿಲ್ಲ. ಜಾನ್ ಲಾಕ್ ತನ್ನ ಪುಸ್ತಕವನ್ನು ಹೆಸರು ಹಾಕದೆ ಪ್ರಕಟಿಸಿದ್ದ. ನಮ್ಮಲ್ಲಿ ಓದಿದ್ದರೆ ಅವನೂ ‘ಅತ್ಯುತ್ತಮ’ಕ್ಕೇ ಟಿಕ್ ಹಾಕುತ್ತಿದ್ದ.

2022ರ ಫೆಬ್ರವರಿಯಲ್ಲಿ ಈ ರಾಜ್ಯದ ಕಾಲೇಜು ಗೇಟುಗಳ ಮುಂದೆ ರಾಜ್ಯಶಾಸ್ತ್ರದ ಇಡೀ ಸಿಲಬಸ್ಸು ಬಂದು ನಿಂತಿತ್ತು. ಸಮವಸ್ತ್ರದ ಆದೇಶ, ಹಿಜಾಬು, ಕೇಸರಿ ಶಾಲು, ಪೊಲೀಸ್ ವ್ಯಾನು. ವ್ಯಕ್ತಿಯ ಸ್ವಾತಂತ್ರ್ಯ ಎಲ್ಲಿಗೆ ನಿಲ್ಲುತ್ತದೆ, ಪ್ರಭುತ್ವದ ಕೈ ಎಲ್ಲಿಂದ ಶುರುವಾಗುತ್ತದೆ, ಸಮಾನತೆ ಎಂದರೆ ಎಲ್ಲರೂ ಒಂದೇ ತೆರನಾಗಿ ಕಾಣುವುದೋ ಅಥವಾ ಬೇರೆ ಬೇರೆಯಾಗಿದ್ದೂ ಒಂದೇ ಬೆಂಚಿನಲ್ಲಿ ಕೂರುವುದೋ? ಹೈಕೋರ್ಟ್ ಮಾರ್ಚ್ 15ಕ್ಕೆ ಒಂದು ತೀರ್ಪು ಕೊಟ್ಟಿತು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿಗೆ ತೀರ್ಪು ಬರೆದರು. ಅಂಥ ಘಟಾನುಘಟಿಗಳೇ ಒಮ್ಮತಕ್ಕೆ ಬರಲಾಗದ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಎರಡೂ ಕಡೆಯ ವಾದವನ್ನು ಮಕ್ಕಳ ಬಾಯಲ್ಲಿ ಹೇಳಿಸಿದ್ದರೆ ಒಂದು ವರ್ಷದ ಪಾಠ ಒಂದು ವಾರದಲ್ಲಿ ಆಗುತ್ತಿತ್ತು. ನಾವು ಕಿಟಕಿ ಮುಚ್ಚಿಸಿ ಸ್ವಾತಂತ್ರ್ಯದ ವಿಧಗಳನ್ನು ಬರೆಸಿದೆವು. ಹೊರಗಿನ ಕೂಗಿಗೆ ಡಿಕ್ಟೇಷನ್ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಹಾಗೆಂದು ಮಕ್ಕಳಿಗೆ ಸಿದ್ಧಾಂತ ಗೊತ್ತಿಲ್ಲವೆಂದು ತಿಳಿಯಬೇಡಿ. ಐಸಾಯ ಬರ್ಲಿನ್ 1958ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಉಪನ್ಯಾಸದ ಸಾರ ನಮ್ಮ ಗೈಡಿನಲ್ಲೂ ಇದೆ: ನಕಾರಾತ್ಮಕ ಸ್ವಾತಂತ್ರ್ಯ, ಸಕಾರಾತ್ಮಕ ಸ್ವಾತಂತ್ರ್ಯ. ಮೂರು ಸಲ ಓದಿದರೂ ಮೇಷ್ಟ್ರಿಗೇ ಗೊಂದಲ. ತಡವಾಗಿ ಬಂದ ಹುಡುಗಿಯನ್ನು ಬಾಗಿಲಲ್ಲೇ ನಿಲ್ಲಿಸಿ, ‘ಯಾಕಮ್ಮಾ ದಿನಾ ಲೇಟು? ಬಸ್ ಫ್ರೀ ಅಲ್ವಾ ನಿಮಗೆ?’ ಎಂದೆ. ‘ಟಿಕೆಟ್ ಫ್ರೀ ಸಾರ್. ಬಸ್ ನಿಲ್ಸಲ್ಲ’ ಎಂದಳು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ಟಿಕೆಟ್ ಉಚಿತ. ಕಾಲೇಜಿಗೆ ಹೋಗಬೇಡ ಎಂದು ತಡೆಯುವ ಕಾನೂನೂ ಇಲ್ಲ. ಏಳೂಮುಕ್ಕಾಲಿನ ಬಸ್ಸು ಹಿಂದಿನ ಊರಲ್ಲೇ ತುಂಬಿ, ಅವಳ ಊರಿನ ಅರಳಿಕಟ್ಟೆ ಮುಂದೆ ಹಾರ್ನ್ ಹೊಡೆದುಕೊಂಡು ಹೋಗಿಬಿಡುತ್ತದೆ, ಅಷ್ಟೇ. ಯಾರೂ ಅಡ್ಡ ಬರದಿರುವುದು ಬೇರೆ, ಹೋಗಿ ಸೇರಲು ಆಗುವುದು ಬೇರೆ ಎಂಬುದನ್ನು ಅವಳು ಐದು ಪದದಲ್ಲಿ ಮುಗಿಸಿದಳು. ಪರೀಕ್ಷೆಯಲ್ಲಿ ಅದನ್ನೇ ಬರೆದಿದ್ದರೆ ಸೊನ್ನೆ. ಬುದ್ಧಿವಂತೆ, ಗೈಡಿನಲ್ಲಿದ್ದದ್ದನ್ನೇ ಬರೆದಳು.

ಸಮಾನತೆಯ ವಿಧಗಳು ಐದು ಎಂದು ನಮ್ಮ ಗೈಡು ಹೇಳುತ್ತದೆ: ನೈಸರ್ಗಿಕ, ನಾಗರಿಕ, ರಾಜಕೀಯ, ಸಾಮಾಜಿಕ, ಆರ್ಥಿಕ. ಐದನ್ನೂ ಐದು ಉದಾಹರಣೆ ಸಮೇತ ಬರೆದು ಪೂರ್ತಿ ಅಂಕ ತೆಗೆದ ಹುಡುಗ ತಿಂಗಳಿಗೊಮ್ಮೆ ಕಾಲೇಜು ಬಿಟ್ಟ ಮೇಲೆ ಪೇಟೆಯಲ್ಲಿ ಉಳಿಯುತ್ತಾನೆ. ಅವನ ಊರಿನ ಕಟಿಂಗ್ ಶಾಪಿನಲ್ಲಿ ಅವನ ಕೇರಿಯವರ ತಲೆಗೆ ಕತ್ತರಿ ಹಾಕುವುದಿಲ್ಲ. ರಾಜಕೀಯದಲ್ಲಿ ಸಮಾನತೆ, ಸಮಾಜದಲ್ಲಿ ಅಸಮಾನತೆ ಎಂಬ ವಿರೋಧಾಭಾಸದೊಳಗೆ ಕಾಲಿಡುತ್ತಿದ್ದೇವೆಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು 1949ರ ನವೆಂಬರ್ 25ಕ್ಕೆ. ಆ ಹುಡುಗನ ಉತ್ತರದಲ್ಲಿ ಕಟಿಂಗ್ ಶಾಪು ಎಲ್ಲೂ ಇರಲಿಲ್ಲ. ‘ಯಾಕಪ್ಪ ಬರೀಲಿಲ್ಲ?’ ಎಂದೆ. ‘ಅದು ಸಿಲಬಸ್ಸಲ್ಲಿ ಇಲ್ವಲ್ಲ ಸಾರ್’ ಎಂದ.

ರಾಜ್ಯದ ಆದರ್ಶ ಜನಸಂಖ್ಯೆ ಎಷ್ಟು ಎಂಬುದು ನಮ್ಮಲ್ಲಿ ಎರಡು ಅಂಕದ ಪ್ರಶ್ನೆ. ಪ್ಲೇಟೋ ಪ್ರಕಾರ 5,040, ರೂಸೋ ಪ್ರಕಾರ 10,000. ಮಕ್ಕಳು ಇದನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಕರ್ನಾಟಕದಲ್ಲಿ ಒಂದು ಗ್ರಾಮ ಪಂಚಾಯಿತಿ ವ್ಯಾಪ್ತಿಗೆ ಸಾಮಾನ್ಯವಾಗಿ 5,000ದಿಂದ 7,000 ಜನ ಎಂದು 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಅಂದರೆ ಪ್ಲೇಟೋನ ಆದರ್ಶ ರಾಜ್ಯದಷ್ಟು ದೊಡ್ಡ ಪ್ರಯೋಗಶಾಲೆ ಪ್ರತಿ ವಿದ್ಯಾರ್ಥಿಯ ಮನೆ ಬಾಗಿಲಲ್ಲೇ ಇದೆ. ಆಸ್ಟಿನ್‌ನ ಪರಮಾಧಿಕಾರ ಸಿದ್ಧಾಂತ ನಡೆಯುತ್ತಿದ್ದ ದಿನ, ಬಹುಪಾಲು ಜನ ಅಭ್ಯಾಸಬಲದಿಂದ ಯಾರ ಮಾತು ಕೇಳುತ್ತಾರೋ ಆ ನಿರ್ದಿಷ್ಟ ಮಾನವ ಶ್ರೇಷ್ಠನೇ ಪರಮಾಧಿಕಾರಿ ಎಂದು ಬರೆಸುತ್ತಿದ್ದೆ. ಕೊನೆ ಬೆಂಚಿನ ಹುಡುಗ ನಕ್ಕ. ಏನೆಂದು ಗದರಿದೆ. ‘ನಮ್ಮಮ್ಮ ಪಂಚಾಯ್ತಿ ಅಧ್ಯಕ್ಷೆ ಸಾರ್. ಸಹಿ ಅಮ್ಮಂದು. ಸೀಲು ಅಪ್ಪನ ಜೇಬಲ್ಲಿ. ಬಿಲ್ ಪಾಸ್ ಆಗ್ಬೇಕು ಅಂದ್ರೆ ಎಮ್ಮೆಲ್ಲೆ ಕಡೆಯೋರ ಫೋನ್ ಬರ್ಬೇಕು. ಇದ್ರಲ್ಲಿ ಪರಮಾಧಿಕಾರ ಯಾರ್ದು ಸಾರ್?’ ಪಂಚಾಯಿತಿಯ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು ಎಂದು ನಾನು ಹಿಂದಿನ ವಾರವಷ್ಟೇ ಹೆಮ್ಮೆಯಿಂದ ಪಾಠ ಮಾಡಿದ್ದೆ. 1832ರಿಂದ ಈವರೆಗೆ ಆಸ್ಟಿನ್ ವಿರುದ್ಧ ಬಂದ ಟೀಕೆಗಳೆಲ್ಲ ಆ ಒಂದು ಪ್ರಶ್ನೆಯಲ್ಲಿದ್ದವು. ಗಂಟೆ ಹೊಡೆಯಿತು.

ಮೇಷ್ಟ್ರನ್ನೇ ಬೈದು ಪ್ರಯೋಜನವಿಲ್ಲ. ಸೆಮಿಸ್ಟರ್ ಎಂದರೆ ಕ್ಯಾಲೆಂಡರಿನಲ್ಲಿ ನಾಲ್ಕು ತಿಂಗಳು. ಅದರಲ್ಲಿ ಪ್ರವೇಶದ ಕೊನೆಯ ದಿನಾಂಕ ಎರಡು ಸಲ ಮುಂದಕ್ಕೆ ಹೋಗುತ್ತದೆ, ಅತಿಥಿ ಉಪನ್ಯಾಸಕರು ಬರುವುದು ಇನ್ನೂ ತಡ. ಆಮೇಲೆ ಎರಡು ಟೆಸ್ಟು, ಎನ್ನೆಸ್ಸೆಸ್ ಕ್ಯಾಂಪು, ಯುವಜನೋತ್ಸವ, ಚುನಾವಣೆ ಬಂದರೆ ಮತಗಟ್ಟೆ ಡ್ಯೂಟಿ. ಉಳಿದ ದಿನಗಳಲ್ಲಿ ಸಾಕ್ರೆಟೀಸ್‌ನಿಂದ ರಾಲ್ಸ್‌ವರೆಗೆ ಓಡಬೇಕು. ಪ್ರಶ್ನೆ ಕೇಳಿ ಎಂದರೆ ಅರ್ಧ ಗಂಟೆ ಹೋಗುತ್ತದೆ, ಉತ್ತರ ಬರೆಸಿದರೆ ಒಂದು ಘಟಕ ಮುಗಿಯುತ್ತದೆ. ರಿಸಲ್ಟು ಕಮ್ಮಿಯಾದರೆ ನೋಟಿಸ್ ಬರುತ್ತದೆ. ಮಕ್ಕಳು ಯೋಚಿಸಲಿಲ್ಲ ಎಂದು ಇದುವರೆಗೆ ಯಾರಿಗೂ ನೋಟಿಸ್ ಬಂದಿಲ್ಲ.

ನಮ್ಮ ಕಡೆ ಹಳೇ ಹೋಟೆಲುಗಳಲ್ಲಿ, ಕಟಿಂಗ್ ಶಾಪುಗಳಲ್ಲಿ ‘ಇಲ್ಲಿ ರಾಜಕೀಯ ಮಾತನಾಡಬಾರದು’ ಎಂಬ ಬೋರ್ಡು ಇರುತ್ತದೆ. ಅಲ್ಲಿ ಮಾತನಾಡುತ್ತಾರೆ, ಆದ್ದರಿಂದ ಬೋರ್ಡು ಬೇಕು. ರಾಜ್ಯಶಾಸ್ತ್ರದ ಕ್ಲಾಸಿನಲ್ಲಿ ಬೋರ್ಡಿನ ಅಗತ್ಯ ಬಿದ್ದಿಲ್ಲ. ಪ್ರಶ್ನೆ ಕೇಳಿ ಯುವಕರನ್ನು ಕೆಡಿಸಿದ ಎಂಬ ಆರೋಪಕ್ಕೆ ಕ್ರಿ.ಪೂ. 399ರಲ್ಲಿ ಅಥೆನ್ಸಿನವರು ಸಾಕ್ರೆಟೀಸ್‌ಗೆ ವಿಷ ಕುಡಿಸಿದರು. ನಮ್ಮ ವಿಭಾಗದ ಯಾರ ಮೇಲೂ ಆ ಆರೋಪ ಬರುವ ಸಂಭವವಿಲ್ಲ, ಮನೆಯವರು ನೆಮ್ಮದಿಯಿಂದಿರಬಹುದು. ಆಮೇಲೆ ನಾವೇ ವೇದಿಕೆ ಹತ್ತಿ, ಇಂದಿನ ಯುವಕರಿಗೆ ರಾಜಕೀಯ ಪ್ರಜ್ಞೆಯೇ ಇಲ್ಲ, ಮೊಬೈಲಿನಲ್ಲಿ ಬಂದದ್ದನ್ನೆಲ್ಲ ನಂಬುತ್ತಾರೆ ಎಂದು ಭಾಷಣ ಮಾಡುತ್ತೇವೆ. ಬರೆಸಿದ್ದನ್ನು ಪ್ರಶ್ನಿಸದೆ ಒಪ್ಪಿಕೊಳ್ಳುವ ತರಬೇತಿಯನ್ನು ಮೂರು ವರ್ಷ ಅಂಕ ಕೊಟ್ಟು ಮಾಡಿಸಿದವರು ನಾವು. ಮೊಬೈಲಿಗೆ ಸಿಕ್ಕಿದ್ದು ಅದೇ ತರಬೇತಿ ಪಡೆದ ಮಕ್ಕಳು.

ಪ್ರಶ್ನೆಪತ್ರಿಕೆ ತಯಾರಿಸುವ ಮಹನೀಯರಲ್ಲಿ ಒಂದು ಮನವಿ. ಸಿಲಬಸ್ ಬದಲಿಸಲು ಸಮಿತಿ ಬೇಕು, ಹುದ್ದೆ ತುಂಬಲು ಸಂಪುಟದ ಒಪ್ಪಿಗೆ ಬೇಕು, ಚುನಾವಣೆಗೆ ಧೈರ್ಯ ಬೇಕು, ಅವೆಲ್ಲ ಇರಲಿ. ನಿಮ್ಮ ಕೈಯಲ್ಲಿರುವುದು ಒಂದೇ ಪ್ರಶ್ನೆ. ಮುಂದಿನ ಸಲ ಹತ್ತು ಅಂಕಕ್ಕೆ ಇಷ್ಟು ಕೇಳಿ: ‘ನಿಮ್ಮ ಊರಿನಲ್ಲಿ ಪರಮಾಧಿಕಾರ ಯಾರ ಕೈಯಲ್ಲಿದೆ? ನೀವು ಕಂಡದ್ದನ್ನು ಆಧರಿಸಿ ಬರೆಯಿರಿ.’ ಸ್ಕೀಮಿನಲ್ಲಿ ಉತ್ತರದ ಜಾಗ ಖಾಲಿ ಬಿಡಿ. ಮೊದಲ ವರ್ಷ ಮಕ್ಕಳು ಗಾಬರಿಯಾಗುತ್ತಾರೆ, ಮೌಲ್ಯಮಾಪಕರು ಇನ್ನೂ ಹೆಚ್ಚು ಗಾಬರಿಯಾಗುತ್ತಾರೆ. ಜೆರಾಕ್ಸ್ ಅಂಗಡಿಯವನಿಗೆ ನಷ್ಟವಾಗುತ್ತದೆ. ಆದರೆ ಈ ರಾಜ್ಯದಲ್ಲಿ ರಾಜ್ಯಶಾಸ್ತ್ರದ ಮೊದಲ ತರಗತಿ ಆ ವರ್ಷವೇ ಶುರುವಾಗುತ್ತದೆ.